ಗುಡ್ಡಾಪುರದ ಹಾದಿ

ನಮ್ಮ ಅಸಂಗಿಯಲ್ಲಿ ಯಾರಾದರೂ ಗುಡ್ಡಾಪುರಕ್ಕೆ ಹೊರಟೆವೆಂದರೆ, ಏಕೆಂದು ಕೇಳುವ ರೂಢಿಯಿಲ್ಲ. ಜತ್ತ ತಾಲೂಕಿನ ಆ ಹಳ್ಳಿಯಲ್ಲಿ ನೆಲೆಸಿರುವ ದಾನಮ್ಮದೇವಿ ಗಡಿಯ ಈಚೆಗೂ ಆಚೆಗೂ ಮನೆಮನೆಯ ತಾಯಿ. ಇಂದು ದೇವಿಯಾಗಿ ಪೂಜೆಗೊಳ್ಳುವ ಆಕೆ ಹನ್ನೆರಡನೆಯ ಶತಮಾನದ ಶರಣೆ. ಇದೇ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಕಲ್ಯಾಣಕ್ಕೆ ಹೋದಳೆಂದೂ, ಆಕೆಯ ದಾಸೋಹವನ್ನು ಕಂಡು ಬಸವಣ್ಣನವರೇ ದಾನಮ್ಮನೆಂದು ಕರೆದರೆಂದೂ ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ.

1972ರ ಬರಗಾಲವನ್ನು ಕಂಡವರು ಮರೆಯಲಾರರು. ಬಾವಿಗಳು ಬತ್ತಿದ್ದವು, ತಂದೆತಾಯಿಗಳಿಬ್ಬರೂ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯುತ್ತಿದ್ದರು. ಕಾರ್ತಿಕ ಅಮಾವಾಸ್ಯೆಯ ಜಾತ್ರೆ ಬಂದಿತು. ಪ್ರತಿವರ್ಷ ದಾಸೋಹಕ್ಕೆಂದು ಐದು ಸೇರು ಜೋಳ ಒಯ್ಯುವುದು ನಮ್ಮ ಮನೆಯ ನೇಮ. ಆ ವರ್ಷ ಗಡಿಗೆಯ ತಳ ಕಾಣುತ್ತಿತ್ತು.

“ಯವ್ವಾ, ಈ ಸಲ ಬ್ಯಾಡ” ಎಂದೆ.

ಅವ್ವ ಮಾತಾಡದೆ ಒಂದು ಸೇರು ಅಳೆದು ಅರಿವೆಯಲ್ಲಿ ಕಟ್ಟಿದಳು. ಹಸಿದ ಹುಡುಗನಾದ ನನಗೆ ಸಿಟ್ಟು ಬಂದಿತು. ಹಾದಿಯುದ್ದಕ್ಕೂ ಅವಳೊಡನೆ ಮಾತು ಬಿಟ್ಟೆ. ಗುಡ್ಡಾಪುರದಲ್ಲಿ ಪಂಕ್ತಿಗೆ ಕುಳಿತಾಗ, ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ. ಮರಳುವಾಗ ಅವ್ವ ಇಷ್ಟೇ ಅಂದಳು: “ನಮ್ಮ ಜ್ವಾಳ ಎಲ್ಲಿಗಿ ಹ್ವಾತು, ತಿಳೀತಿಲ್ಲೋ ತಮ್ಮಾ?”

ಡಫಳೆಯವರ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ರಾಜ್ಯ ಪುನರ್ರಚನೆಯಲ್ಲಿಯೂ ಅಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ತಾಲೂಕಿನ ಕೆಲಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಕಾಗದದಲ್ಲಿಯೇ ಉಳಿಯಿತು. 2022ರಲ್ಲಿ ಆ ಮಾತು ಮತ್ತೆ ಎದ್ದಿತು. ಜಾತ್ರೆಗಾದರೋ ವಿಜಯಪುರದ ಕಡೆಯಿಂದಲೂ ಸೊಲ್ಲಾಪುರದ ಕಡೆಯಿಂದಲೂ ಜನ ಇಂದಿಗೂ ನಡೆದೇ ಬರುತ್ತಾರೆ; ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ.

ನನ್ನ ಚಿಂತೆ ಬೇರೆ. ಮರಾಠಿ ಶಾಲೆಗೆ ಹೋಗುವ ನನ್ನ ಮೊಮ್ಮಗ ಕನ್ನಡ ಆಡಬಲ್ಲ, ಓದಲಾರ. ಮರಾಠಿ ಕಲಿತದ್ದು ಒಳ್ಳೆಯದೇ. ಅದು ನಮ್ಮ ಅನ್ನದ ಭಾಷೆ. ಆದರೆ ಶರಣರ ವಚನಗಳನ್ನು ಅವನು ಇನ್ನೊಬ್ಬರ ಬಾಯಿಂದಲೇ ಕೇಳಬೇಕಾದರೆ, ಆ ಗಡಿಗೆಯ ತಳವೂ ಕಂಡಂತೆಯೇ ಅಲ್ಲವೇ? ಆದುದರಿಂದ ದಿನವೂ ಸಂಜೆ ಅವನನ್ನು ಕೂಡಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದೇನೆ. ಮೊದಲು ಬರೆಯಿಸಿದ ಹೆಸರು ದಾನಮ್ಮ. ಒತ್ತಕ್ಷರಕ್ಕೆ ಎರಡು ದಿನ ಹಿಡಿಯಿತು.

ಓದುಗರೇ, ನಿಮ್ಮ ಮನೆಯಲ್ಲಿಯೂ ಇಂಥ ಮಗುವಿದ್ದರೆ ದಿನಕ್ಕೆ ಅರ್ಧ ತಾಸು ಕೊಡಿರಿ. ಒಂದು ಸೇರಾದರೂ ಸಾಕು.