ಬಿಟ್ಟು ಹೋಗಿಲ್ಲವ್ವ, ಇಟ್ಟು ಹೋಗ್ಯಾಳ

ತೊಗರಿ ಕೊಯ್ಲು ನಡೆದಿದ್ದ ಚಳಿಗಾಲ. ನಾನಾಗ ಆರನೇ ತರಗತಿ. ನಸುಕಿನಲ್ಲಿ ನೀರೊಲೆಗೆ ಕುಳ್ಳು ತರಲು ಹಿತ್ತಲಿಗೆ ಹೋದವಳು ಬಣವೆಯ ಹತ್ತಿರ ನಿಂತುಬಿಟ್ಟೆ. ಜೋಳದ ಸೊಪ್ಪೆಯ ಬಣವೆಗೂ ಜಾಲಿಮುಳ್ಳಿನ ಬೇಲಿಗೂ ನಡುವಿನ ಸಂದಿಯಲ್ಲಿ ಏನೋ ಮಲಗಿತ್ತು. ಯಾರದೋ ಆಡಿನ ಮರಿ ಇರಬೇಕೆಂದು ಬಗ್ಗಿ ನೋಡಿದೆ. ಕಡ್ಡಿಯಂಥ ಕಾಲು, ಒಣಹುಲ್ಲಿನ ಬಣ್ಣದ ಮೈ. ಕುತ್ತಿಗೆಯನ್ನು ನೆಲಕ್ಕೆ ಚಾಚಿ, ಕಿವಿ ಹಿಂದಕ್ಕೆ ಮಡಚಿ, ಮಣ್ಣಿಗೆ ಅಂಟಿಕೊಂಡಂತೆ ಬಿದ್ದಿತ್ತು. ಕಣ್ಣು ತೆರೆದೇ ಇತ್ತು. ಮೂಗಿನ ಹೊಳ್ಳೆ ಮಾತ್ರ ಮಿಡುಕುತ್ತಿತ್ತು.

ಜಿಂಕೆಮರಿ.

ನಮ್ಮದು ಮಕ್ತಲ್ ಕಡೆಯ, ಕೃಷ್ಣಾ ದಂಡೆಯ ಊರು. ಹೊಳೆ ದಾಟಿದರೆ ರಾಯಚೂರು ಜಿಲ್ಲೆ. ಆಗ ನಾವು ಮಹಬೂಬನಗರ ಜಿಲ್ಲೆಯವರು. ನಾರಾಯಣಪೇಟೆ ಜಿಲ್ಲೆಯಾದದ್ದು 2019ರಲ್ಲಿ. ಶಾಲೆ ಕನ್ನಡ, ಸಂತೆ ತೆಲುಗು. ಈ ಪ್ರಾಣಿಗೂ ಹಲವು ಹೆಸರು: ನನ್ನ ಅಜ್ಜ ಮುತ್ಯಾನ ಬಾಯಲ್ಲಿ ಚಿಗರಿ, ನಮ್ಮ ಬಾಯಲ್ಲಿ ಜಿಂಕಿ, ತೆಲುಗು ಕೂಲಿಯವರಿಗೆ ಜಿಂಕ. ಪುಸ್ತಕದಲ್ಲಿ ಕೃಷ್ಣಮೃಗ. ಅದಕ್ಕೆ ದಟ್ಟ ಅಡವಿ ಬೇಡ, ಬಯಲು ಬೇಕು. ನಮ್ಮ ಎರೆಹೊಲಗಳ ಬಯಲೇ ಅದರ ಮನೆ. ನಮ್ಮ ಸೀಮೆಯ ಮುಡುಮಲ್ಲಿನ ಎತ್ತರದ ನಿಲುಗಲ್ಲುಗಳಿಗೆ 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿ ಜಾಗ ಸಿಕ್ಕಿತು. ನನಗೆ ಮಾತ್ರ ಆ ಸೀಮೆ ಅಂದರೆ ಹೊಲದಿಂದ ಹೊಲಕ್ಕೆ ಜಿಗಿಯುವ ಹಿಂಡುಗಳೇ ನೆನಪು.

ಮುತ್ಯಾನಿಗೆ ಹೇಳಲು ಹೆದರಿಕೆಯಾಯಿತು. ಮೊಳಕೆಯೊಡೆದ ಬೆಳೆಯನ್ನು ಒಂದೇ ರಾತ್ರಿಯಲ್ಲಿ ಮೇದು ಹೋದ ಹಿಂಡನ್ನು ಬೈಯುತ್ತ ಅವನು ಬದುವಿನ ಮೇಲೆ ಕೂತು ಅತ್ತದ್ದನ್ನು ನಾನೇ ನೋಡಿದ್ದೆ. ಆ ವರ್ಷವೂ ಹಿಂಗಾರಿ ಜೋಳ ಹಾಲುಗಾಳಿಗೆ ಬಂದಿತ್ತು. ದಿನಾ ರಾತ್ರಿ ಕಂಬಳಿ ಹೊದ್ದು, ಎಣ್ಣೆ ಡಬ್ಬಿ ಬಡಿಯುತ್ತ ಹೊಲ ಕಾಯುತ್ತಿದ್ದ. ಅಂಥವನಿಗೆ ಮರಿ ತೋರಿಸುವುದು ಹೇಗೆ?

ಹೇಳದಿದ್ದರೆ ಅಣ್ಣ ಎತ್ತಿಕೊಳ್ಳುತ್ತಾನೆ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಎರಡು ವರ್ಷದ ಹಿಂದೆ ಹೊಲದಲ್ಲಿ ಸಿಕ್ಕ ಮರಿಯೊಂದನ್ನು ತಾಯಿಯಿಲ್ಲದ್ದೆಂದು ಅವನು ಮನೆಗೆ ತಂದಿದ್ದ. ಬಟ್ಟೆ ಹಿಂಡಿ ಆಡಿನ ಹಾಲು ಕುಡಿಸಿದೆವು, ತೊಡೆಯ ಮೇಲೆ ಮಲಗಿಸಿಕೊಂಡೆವು. ಹೊಟ್ಟೆ ಉಬ್ಬಿ ಮೂರನೇ ದಿನ ಸತ್ತಿತು.

ಮುತ್ಯಾ ಬಂದು ದೂರದಿಂದಲೇ ನೋಡಿದ.

“ಮುಟ್ಟೀಯೇನು?”

“ಇಲ್ಲ ಮುತ್ಯಾ. ಇದರ ತಾಯಿ ಬಿಟ್ಟು ಹೋಗ್ಯಾದೇನು?”

“ಬಿಟ್ಟು ಹೋಗಿಲ್ಲವ್ವ, ಇಟ್ಟು ಹೋಗ್ಯಾಳ. ಸಂಜಿಮುಂದ ಬರ್ತಾಳ. ನೀ ನಡಿ.”

ಬೇಲಿಯ ಬುಡದಲ್ಲಿ ನಾಯಿ ನುಸುಳುವ ಕಿಂಡಿಯೊಂದಿತ್ತು. ಅಂದೇ ಮುತ್ಯಾ ಅದನ್ನು ಮುಳ್ಳು ಬಡಿದು ಮುಚ್ಚುವವನಿದ್ದ. ಅಲ್ಲಿ ಹಸಿಮಣ್ಣಿನಲ್ಲಿ ಮೂಡಿದ್ದ ಗೊರಸಿನ ಹೆಜ್ಜೆ ನೋಡಿ ಮುಳ್ಳಿನ ಹೊರೆಯನ್ನು ಪಕ್ಕಕ್ಕೆ ಸರಿಸಿದ. ನಮ್ಮ ನಾಯಿಯನ್ನು ಅಂಗಳದಲ್ಲಿ ಕಟ್ಟಿದ. ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದ. ಅವತ್ತು ಯಾರಿಗೂ ಬಿಸಿನೀರಿನ ಸ್ನಾನವಿಲ್ಲ. ಕುಳ್ಳು ಹಿತ್ತಲಲ್ಲೇ ಉಳಿದಿದ್ದವು.

ಮನುಷ್ಯರ ವಾಸನೆ ಹತ್ತಿದರೆ ತಾಯಿ ಬಿಡುತ್ತದೆ ಎಂಬುದು ಊರಿನವರ ನಂಬಿಕೆ. ಮುಂದೆ ನಾನು ಓದಿ ತಿಳಿದದ್ದು ಬೇರೆ. ಹುಟ್ಟಿದ ಮರಿಗೆ ಓಡುವ ಬಲವಿಲ್ಲ, ಅಲುಗದೆ ಬಿದ್ದಿರುವುದೇ ಅದರ ರಕ್ಷಣೆ. ಮೈವಾಸನೆಯೂ ಬಹಳ ಕಡಿಮೆ. ತಾಯಿ ಪಕ್ಕದಲ್ಲೇ ನಿಂತರೆ ನಾಯಿ ನರಿಗಳಿಗೆ ಜಾಗ ತೋರಿಸಿಕೊಟ್ಟಂತೆ. ಅದಕ್ಕೇ ಮರಿಯನ್ನು ಅಡಗಿಸಿ ದೂರ ಮೇಯುತ್ತದೆ, ಹಾಲೂಡಲು ಮಾತ್ರ ಬರುತ್ತದೆ. ಅಣ್ಣ ಅಂದು ತಂದದ್ದು ಅನಾಥ ಮರಿಯಾಗಿರಲಿಲ್ಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯಿರುವ ಮೊದಲ ಪರಿಶಿಷ್ಟದಲ್ಲೇ ಕೃಷ್ಣಮೃಗವೂ ಇದೆ. ಸಾಕುತ್ತೇವೆಂದು ಹಿಡಿದು ತಂದರೂ ಅಪರಾಧವೇ. ನಮಗೆ ಆಗ ಅದು ಯಾವುದೂ ಗೊತ್ತಿರಲಿಲ್ಲ.

ಹೊತ್ತು ಮುಳುಗುವಾಗ ಮಾಳಿಗೆಯ ಮೇಲೆ ಬೋರಲು ಮಲಗಿ ಕಾದೆವು: ನಾನು, ಅಣ್ಣ, ನಡುವೆ ಮುತ್ಯಾ. ಕೊಯ್ದ ತೊಗರಿಯ ಕೂಳೆಗಳ ನಡುವೆ ಕೊಂಬಿಲ್ಲದ ಹೆಣ್ಣು ಜಿಂಕೆಯೊಂದು ನಿಂತಿತ್ತು. ಎಷ್ಟು ಹೊತ್ತು ನಿಂತಿತೆಂದರೆ, ಇನ್ನು ಬರುವುದೇ ಇಲ್ಲವೆಂದು ನನಗೆ ಅಳು ಬಂತು. ಮುತ್ಯಾ ನನ್ನ ಕೈ ಗಟ್ಟಿಯಾಗಿ ಹಿಡಿದ. ಆಮೇಲೆ ಅದು ತಲೆ ತಗ್ಗಿಸಿ ಕಿಂಡಿಯಲ್ಲಿ ನುಸುಳಿತು.

ದಿನವಿಡೀ ಕಲ್ಲಾಗಿದ್ದ ಮರಿ ಎದ್ದು ನಿಂತಿತು. ನಡುಗುವ ಕಾಲಲ್ಲೇ ಹೋಗಿ ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿಯಿತು, ಬಾಲ ಪಟಪಟ ಅಲ್ಲಾಡಿಸುತ್ತ. ತಾಯಿ ಅದರ ಹಿಂಭಾಗವನ್ನು ನೆಕ್ಕಿ ನೆಕ್ಕಿ ಶುಚಿ ಮಾಡಿತು. ವಾಸನೆ ಉಳಿಯದಂತೆ ಮಾಡುವ ಜಾಣತನವದು. ಅಣ್ಣ ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡಿದ್ದ.

ಮೂರು ದಿನ ಹಿತ್ತಲಿಗೆ ಯಾರೂ ಹೋಗಲಿಲ್ಲ. ನಾಲ್ಕನೇ ಬೆಳಿಗ್ಗೆ ನೋಡಿದರೆ ಸಂದಿಯಲ್ಲಿ ಒತ್ತಿದ ಹುಲ್ಲಷ್ಟೇ ಇತ್ತು.

ಆ ರಾತ್ರಿಯೂ ಮುತ್ಯಾ ಕಂಬಳಿ, ಡಬ್ಬಿ ತೆಗೆದುಕೊಂಡು ಹೊಲಕ್ಕೆ ಹೋದ. ನಾನು ಹಾಸಿಗೆಯಲ್ಲಿ ಮಲಗಿ ಡಬ್ಬಿಯ ಸದ್ದನ್ನೇ ಆಲಿಸಿದೆ. ಹೊಳೆ ಕಡೆಯ ಬದುವಿನಿಂದ ಡಬ್ಬಿಯ ಸದ್ದು ಬಂತು, ರಸ್ತೆ ಕಡೆಯ ಬದುವಿನಿಂದಲೂ ಬಂತು. ನಮ್ಮ ಹಿತ್ತಲ ಕಡೆಯಿಂದ ಮಾತ್ರ ಬೆಳಗಿನವರೆಗೂ ಬರಲಿಲ್ಲ.