ಅರ ಹಿಡಿದ ಅರೆ ಎಂಜಿನಿಯರು

ವರ್ಕ್‌ಶಾಪಿನ ಮೊದಲ ದಿನ ಇನ್‌ಸ್ಟ್ರಕ್ಟರ್ ಒಳಗೆ ಕಾಲಿಟ್ಟವರೇ ಬೆಂಚಿನ ಮೇಲೆ ಕಣ್ಣಾಡಿಸಿ, "ಬಾಸ್ಟರ್ಡ್ ಎಲ್ರಯ್ಯಾ?" ಎಂದು ಗುಡುಗಿದರು. ನಾವು ಮೂವರು ತಲೆ ತಗ್ಗಿಸಿಕೊಂಡು ಮುಂದೆ ಬಂದೆವು.

ಅದು ಅರದ ಹೆಸರೆಂದು ಆಮೇಲೆ ತಿಳಿಯಿತು. ಹಲ್ಲು ತೀರಾ ಒರಟಾಗಿದ್ದರೆ ರಫ್, ನುಣುಪಾಗಿದ್ದರೆ ಸ್ಮೂತ್. ಒರಟಿನ ಕಡೆಗೇ ವಾಲಿಕೊಂಡು ನಡುವೆ ನಿಂತದ್ದು ಬಾಸ್ಟರ್ಡ್. ಅದನ್ನು ಹಿಡಿದೇ ನನ್ನ ಎಂಜಿನಿಯರಿಂಗ್ ಶುರುವಾಯಿತು.

1995ನೇ ಇಸವಿ. ಸಿಇಟಿ ಬಂದು ಒಂದೇ ವರ್ಷವಾಗಿತ್ತು. ನನ್ನ ರ‍್ಯಾಂಕಿಗೆ ಸಿಕ್ಕಿದ್ದು ಮೆಕ್ಯಾನಿಕಲ್. ಎಲೆಕ್ಟ್ರಾನಿಕ್ಸ್ ತಪ್ಪಿತೆಂದು ಅಪ್ಪ ಎರಡು ದಿನ ಊಟ ಕಡಿಮೆ ಮಾಡಿದರು. ಹಾಸ್ಟೆಲಿಗೆ ಬಂದ ಮೇಲೆ ಮಾತ್ರ ಸೀನಿಯರುಗಳು ನಮ್ಮನ್ನು ಕೂರಿಸಿಕೊಂಡು ವಂಶಾವಳಿ ಹೇಳಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದಾಗ ಇದ್ದದ್ದು ಎರಡೇ ವಿಭಾಗ, ಸಿವಿಲ್ ಮತ್ತು ಮೆಕ್ಯಾನಿಕಲ್. ಉಳಿದವರೆಲ್ಲ ನಿನ್ನೆ ಮೊನ್ನೆ ಹುಟ್ಟಿದ ಕೂಸುಗಳು. ನಾವು 'ರಾಯಲ್ ಮೆಕ್'. ಈ ರಾಜವಂಶದಲ್ಲಿ ಅರವತ್ತು ಜನಕ್ಕೆ ಇಬ್ಬರೇ ಹುಡುಗಿಯರಿದ್ದರು ಎಂಬ ವಿಚಾರವನ್ನು ಅವರು ಎತ್ತಲಿಲ್ಲ.

ಫಿಟ್ಟಿಂಗ್ ಶಾಪಿನ ಕೆಲಸ ಹೇಳಲು ಸುಲಭ. ಎರಡು ಮೈಲ್ಡ್ ಸ್ಟೀಲ್ ತುಂಡು ಕೊಡುತ್ತಾರೆ. ಒಂದರಲ್ಲಿ 'ವಿ' ಆಕಾರದ ಕಚ್ಚು, ಇನ್ನೊಂದರಲ್ಲಿ ಅದೇ ಆಕಾರದ ಮೂತಿ. ವೈಸಿಗೆ ಕಚ್ಚಿಸು, ಹ್ಯಾಕ್ಸಾದಿಂದ ಕೊಯ್ಯಿ, ಅರದಿಂದ ಉಜ್ಜು, ಒಂದರೊಳಗೊಂದು ಕೂರಿಸು. ಮೂರು ವಾರ ಉಜ್ಜಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು, ಮತ್ತೆ ಎದ್ದವು. ಇನ್‌ಸ್ಟ್ರಕ್ಟರ್ ಹಿಂದೆ ಬಂದು ನಿಲ್ಲುತ್ತಿದ್ದರು. ನೋಡುತ್ತಿರಲಿಲ್ಲ, ಬರೀ ಕೇಳಿಸಿಕೊಳ್ಳುತ್ತಿದ್ದರು. "ಬರುವಾಗಲೂ ಒತ್ತುತ್ತಿದ್ದೀಯಲ್ಲಯ್ಯಾ. ಅರದ ಹಲ್ಲು ಮುಂದಕ್ಕೆ ಮಾತ್ರ ಕಡಿಯೋದು. ಹೋಗುವಾಗ ಒತ್ತು, ಬರುವಾಗ ಬಿಡು. ಕಬ್ಬಿಣದ ಮೇಲೇನು ಹಗೆ ನಿಂಗೆ?"

ಕೊನೆಗೆ ಎರಡೂ ತುಂಡನ್ನು ಜೋಡಿಸಿ ಕೊಟ್ಟರೆ ಅವರು ಕಿಟಕಿಯ ಕಡೆಗೆ ಎತ್ತಿ ಹಿಡಿಯುತ್ತಿದ್ದರು. ಸಂದಿಯಲ್ಲಿ ಬೆಳಕು ಕಾಣಬಾರದು. ನನ್ನದರಲ್ಲಿ ಕಂಡದ್ದು ಬೆಳಕಲ್ಲ, ಕಿಟಕಿಯಾಚೆಯ ಹೊಂಗೆಮರ.

ಡ್ರಾಯಿಂಗಿನದು ಇದಕ್ಕೆ ತದ್ವಿರುದ್ಧ. ಮರುದಿನ ಕೊಡಬೇಕಾದ ಶೀಟನ್ನು ರಾತ್ರಿ ಹಾಸ್ಟೆಲಿನಲ್ಲಿ ತಯಾರಿಸುವ ವಿಧಾನವೆಂದರೆ, ಎರಡು ಕುರ್ಚಿಗಳ ನಡುವೆ ಕಿಟಕಿಯಿಂದ ಬಿಚ್ಚಿದ ಗಾಜು, ಅದರ ಕೆಳಗೆ ಟ್ಯೂಬ್‌ಲೈಟು, ಗಾಜಿನ ಮೇಲೆ ಜಾಣನೊಬ್ಬನ ಶೀಟು, ಅದರ ಮೇಲೆ ನಮ್ಮ ಖಾಲಿ ಶೀಟು. ಗೆರೆಗಳು ತಾವಾಗಿ ಮೂಡಿಬರುತ್ತಿದ್ದವು. ವರ್ಕ್‌ಶಾಪಿನಲ್ಲಿ ಬೆಳಕು ತೂರಿದರೆ ಫೇಲು, ಹಾಸ್ಟೆಲಿನಲ್ಲಿ ಬೆಳಕು ತೂರಿದರಷ್ಟೇ ಪಾಸು. ಪ್ಲಮರ್ ಬ್ಲಾಕು, ಸ್ಕ್ರೂ ಜಾಕು, ನಕಲ್ ಜಾಯಿಂಟು ಎಲ್ಲವೂ ಹೀಗೆ ಒಂದೇ ಮೂಲದಿಂದ ಐವತ್ತು ಕೈಗಳಿಗೆ ಹರಿದವು, ಮೂಲದವನ ತಪ್ಪುಗಳ ಸಮೇತ.

ರಜೆಗೆ ಊರಿಗೆ ಹೋದಾಗ ಅಪ್ಪ ಶೀಟು ಬಿಡಿಸಿ ನೋಡಿದರು. ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ನಿನಲ್ಲಿ ವಸ್ತುವನ್ನು ಮೇಲಿನಿಂದ ನೋಡಿದ ಚಿತ್ರವನ್ನು ಎದುರು ನೋಟದ ಕೆಳಗೆ ಬರೆಯಬೇಕು ಎಂದು ವಿವರಿಸಿದೆ. "ಮೇಲಿಂದ ನೋಡಿದ್ದನ್ನ ಕೆಳಗೆ ಬರೀತೀರಾ?" ಅಂದರು. ಹೌದು ಅಂದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. "ನಮ್ಮಲ್ಲೂ ಹಾಗೇ ಕಣೋ" ಎಂದು ಶೀಟು ಸುತ್ತಿಟ್ಟರು.

ಅವರ ಕೈಯಲ್ಲಿದ್ದದ್ದು ಎಚ್‌ಎಂಟಿ ವಾಚು. ನಮ್ಮ ಮೆಷಿನ್ ಶಾಪಿನ ಲೇತಿನ ಮೇಲೂ ಅದೇ ಮೂರಕ್ಷರ. 1953ರಲ್ಲಿ ಬೆಂಗಳೂರಿನಲ್ಲಿ ಲೇತ್ ಮಾಡಲು ಹುಟ್ಟಿದ ಕಾರ್ಖಾನೆ 1961ರಿಂದ ಗಡಿಯಾರ ಮಾಡತೊಡಗಿದ್ದು ಎಂದು ಹೇಳಿದಾಗ ಅಪ್ಪನಿಗೆ ಮೊದಲ ಸಲ ನನ್ನ ಓದಿನ ಮೇಲೆ ಸ್ವಲ್ಪ ಗೌರವ ಬಂತು. ತಮ್ಮ ವಾಚನ್ನು ತಿರುಗಿಸಿ ನೋಡಿಕೊಂಡರು, ದೊಡ್ಡಪ್ಪನ ಮಗನೊಬ್ಬ ಕಬ್ಬಿಣದ ಕೆಲಸದಲ್ಲಿದ್ದಾನೆಂದು ಗೊತ್ತಾದವರ ಹಾಗೆ.

ಅಜ್ಜಿ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಆ ವರ್ಷ ಥರ್ಮೋಡೈನಮಿಕ್ಸ್ ನನ್ನ ಮೈಮೇಲೆ ಬಂದಿತ್ತು. ಬಚ್ಚಲೊಲೆಯ ಮುಂದೆ ಕೂತು ಕಾರ್ನೋ ಕತೆ ಹೇಳಿದೆ: ಫ್ರಾನ್ಸಿನ ಹುಡುಗ, 1824ರಲ್ಲಿ ಒಂದೇ ಒಂದು ಪುಸ್ತಕ ಬರೆದ, ಯಾರೂ ಮೂಸಲಿಲ್ಲ, ಮೂವತ್ತಾರನೇ ವಯಸ್ಸಿಗೆ ಕಾಲರಾ ಬಂದು ಹೋದ. ಅಜ್ಜಿ "ಅಯ್ಯೋ ಪಾಪ, ಮದುವೆ ಆಗಿತ್ತೇನೋ?" ಅಂದಳು. ಅವನ ಲೆಕ್ಕದ ಪ್ರಕಾರ, ಬಿಸಿ 327 ಡಿಗ್ರಿ, ತಂಪು 27 ಡಿಗ್ರಿ ಇದ್ದರೆ, ಲೋಕದ ಎಂಥಾ ಉತ್ತಮ ಎಂಜಿನ್ನಾದರೂ ಕೊಟ್ಟ ಶಾಖದಲ್ಲಿ ಅರ್ಧವನ್ನಷ್ಟೇ ಕೆಲಸಕ್ಕೆ ತಿರುಗಿಸಬಲ್ಲದು, ಉಳಿದರ್ಧ ಹೊರಗೆ ಹೋಗಲೇಬೇಕು ಎಂದೆ. ಅಜ್ಜಿ ಒಲೆಗೆ ಇನ್ನೊಂದು ತೆಂಗಿನಗರಿ ತುರುಕಿದಳು. "ಅರ್ಧ ಪೋಲಾಗತ್ತೆ ಅಂತ ಕಲಿಯೋಕೆ ನಾಕು ವರ್ಷ ಬೇಕೇನೋ? ನಿಮ್ಮಪ್ಪನ ಸಂಬಳ ನೋಡಿದ್ರೆ ಸಾಲ್ದಾ?"

ನಿಜವಾದ ಮಾನಹಾನಿ ಆದದ್ದು ಕೊನೆಯ ವರ್ಷದ ಯುಗಾದಿಗೆ. ಅಮ್ಮನ ಮಿಕ್ಸಿಯ ದೊಡ್ಡ ಜಾರು ಕರ್ಕಶವಾಗಿ ಅರಚುತ್ತ, ಕೆಳಗಿನಿಂದ ಕಪ್ಪು ನೀರು ಸೋರುತ್ತಿತ್ತು. "ಮಗ ಮೆಕ್ಯಾನಿಕಲ್ ಓದಿದಾನೆ" ಎಂದು ಅಮ್ಮ ಪಕ್ಕದ ಮನೆಯವರನ್ನೂ ಕರೆದಳು. ನಾನು ಮಿಕ್ಸಿಯನ್ನು ಪೂರ್ತಿ ಬಿಚ್ಚಿದೆ. ಮೋಟರು, ಕಾರ್ಬನ್ ಬ್ರಷ್ಷು, ಸ್ವಿಚ್ಚು, ಎಲ್ಲವನ್ನೂ ಹಾಲಿನಲ್ಲಿ ಹಾಳೆಯ ಮೇಲೆ ಸಾಲಾಗಿ ಇಟ್ಟೆ. ನೋಡಲು ಎಕ್ಸ್‌ಪ್ಲೋಡೆಡ್ ವ್ಯೂ ಇದ್ದಂತೆಯೇ ಇತ್ತು. ಆಮೇಲೇನೂ ಹೊಳೆಯಲಿಲ್ಲ. ಸಂಜೆ ಎಲ್ಲವನ್ನೂ ಚೀಲಕ್ಕೆ ತುಂಬಿ ಸಂತೆಬೀದಿಯ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಸಾಬರು ಚೀಲವನ್ನು ಪಕ್ಕಕ್ಕಿಟ್ಟು ಜಾರನ್ನು ಮಾತ್ರ ಎತ್ತಿಕೊಂಡರು. ಬ್ಲೇಡನ್ನು ಎರಡು ಬೆರಳಲ್ಲಿ ಅಲುಗಾಡಿಸಿದರು. "ಬುಷ್ ಹೋಗಿದೆ. ಮೋಟರ್ ಯಾಕೆ ಬಿಚ್ಚಿದ್ರಿ?"

ಹದಿನೈದು ರೂಪಾಯಿ.

ದಾರಿಯಲ್ಲಿ ಬರುವಾಗ ಥಟ್ಟನೆ ಹೊಳೆಯಿತು. ಬುಷ್ ಅಂದರೆ ಬೇರೇನೂ ಅಲ್ಲ, ಜರ್ನಲ್ ಬೇರಿಂಗು! ಒಂದು ತೂತು, ಅದರಲ್ಲಿ ತಿರುಗುವ ಕಡ್ಡಿ, ನಡುವೆ ಕೂದಲೆಳೆಯಷ್ಟು ಜಾಗ, ಆ ಜಾಗದಲ್ಲಿ ಎಣ್ಣೆಯ ಪದರ. ಅದರ ಮೇಲೆ ಹಿಂದಿನ ಪರೀಕ್ಷೆಯಲ್ಲಿ ಇಡೀ ಇಪ್ಪತ್ತು ಮಾರ್ಕಿನ ಲೆಕ್ಕ ಮಾಡಿದ್ದೆ. ಮಹದೇವನ್ ಮತ್ತು ಬಾಲವೀರ ರೆಡ್ಡಿಯವರ ಡಿಸೈನ್ ಡೇಟಾ ಹ್ಯಾಂಡ್‌ಬುಕ್ ತೆರೆದು, ಸೊಮರ್‌ಫೆಲ್ಡ್ ಸಂಖ್ಯೆ ಹಿಡಿದು, ಎಣ್ಣೆಯ ಪದರ ಎಷ್ಟು ತೆಳುವಾದರೆ ಕಬ್ಬಿಣ ಕಬ್ಬಿಣವನ್ನು ಮುಟ್ಟೀತೆಂದು ದಶಮಾಂಶದವರೆಗೆ ತೆಗೆದಿದ್ದೆ. ಹದಿನೆಂಟು ಬಂದಿತ್ತು. ಅದೇ ಬೇರಿಂಗು ಅಮ್ಮನ ಅಡುಗೆಮನೆಯಲ್ಲಿ ಚಟ್ನಿ ಮೆತ್ತಿಕೊಂಡು ಎದುರು ಬಂದಾಗ ನನಗೆ ಗುರುತೇ ಸಿಗಲಿಲ್ಲ.

ನಮ್ಮಲ್ಲಿ ಲ್ಯಾಬಿನ ದಿನ ತಪ್ಪಿಸಿಕೊಳ್ಳುವವನೇ ಜಾಣ. ರೀಡಿಂಗ್ ಯಾರೋ ತೆಗೆಯುತ್ತಾರೆ, ಗ್ರಾಫು ಯಾರೋ ಹಾಕುತ್ತಾರೆ. ಆದರೂ ಒಂದು ಮಧ್ಯಾಹ್ನ ಮಾತ್ರ ಇವತ್ತಿಗೂ ಮೈಯಲ್ಲಿದೆ. ಟೆಸ್ಟಿಂಗ್ ಮೆಷಿನ್ನಿಗೆ ಬೆರಳು ಗಾತ್ರದ ಸರಳು ಕಚ್ಚಿಸಿ ಎಳೆಯುತ್ತಿದ್ದರು. ಮುಳ್ಳು ಏರುತ್ತಾ ಹೋಯಿತು, ಒಂದು ಕಡೆ ತಡೆದು ನಿಂತಿತು, ಮತ್ತೆ ಏರಿತು. ಸರಳಿನ ನಡು ನಿಧಾನ ಸಣ್ಣಗಾಗಿ ಕುತ್ತಿಗೆಯಂತಾಯಿತು. ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಢಬ್ ಎಂದು ಮುರಿಯಿತು. ಒಂದು ತುದಿ ಬಟ್ಟಲು, ಇನ್ನೊಂದು ತುದಿ ಆ ಬಟ್ಟಲಿಗೆ ಸರಿಹೊಂದುವ ದಿಬ್ಬ. ಇನ್‌ಸ್ಟ್ರಕ್ಟರ್ ನನ್ನ ಕೈಗೆ ಕೊಟ್ಟು "ಮುಟ್ಟಿ ನೋಡು" ಅಂದರು. ಮುರಿದ ಜಾಗ ಬೆಚ್ಚಗಿತ್ತು, ಜ್ವರ ಇಳಿಯುತ್ತಿರುವ ಮಗುವಿನ ಹಣೆಯ ಹಾಗೆ.

1999ರಲ್ಲಿ ಪಾಸಾದೆವು. ವೈಟುಕೆ ಗಾಬರಿ ಜೋರಾಗಿದ್ದ ಕಾಲ. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ಹಳೆಯ ಪ್ರೋಗ್ರಾಮುಗಳನ್ನು ತಿದ್ದಲು ಜನ ಬೇಕಾಗಿದ್ದರು, ಯಾವ ಬ್ರ್ಯಾಂಚೆಂದು ಯಾರೂ ಕೇಳಲಿಲ್ಲ. ರಾಯಲ್ ಮೆಕ್ಕಿನ ಮುಕ್ಕಾಲು ಪಾಲು ಸೈನ್ಯ ಕೀಬೋರ್ಡಿಗೆ ಶರಣಾಯಿತು. ನಾನೂ ಆದೆ. ಬೇಸರವೇನಿಲ್ಲ, ಮನೆ ಕಟ್ಟಿದ್ದು ಅದರಿಂದಲೇ. ಆಫೀಸಿನಲ್ಲಿ ಕಟಿಂಗ್ ಆಯಿಲಿನ ವಾಸನೆ ಇರುವುದಿಲ್ಲ, ಅಷ್ಟೆ.

ಕಳೆದ ಮಳೆಗಾಲದಲ್ಲಿ ಆ ಮನೆಯ ಹಿತ್ತಿಲ ಬಾಗಿಲು ಉಬ್ಬಿ ಚಿಲಕ ತೂತಿಗೆ ಕೂರದಾಯಿತು. ಹೆಂಡತಿ ಕಾರ್ಪೆಂಟರಿಗೆ ಫೋನು ಮಾಡುತ್ತೇನೆಂದಳು. ಬೇಡವೆಂದು ನಾನೇ ಅರ ತರಲು ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಬೆನ್ನು ತಿರುಗಿಸಿಕೊಂಡೇ ಕೇಳಿದ, "ಬಾಸ್ಟರ್ಡಾ ಸಾರ್?" ಬಾಯಿಗೆ ಬಂದಿದ್ದ "ಹೌದಪ್ಪಾ, ನಾನೇ" ಎಂಬ ಮಾತನ್ನು ನುಂಗಿಕೊಂಡೆ.

ಭಾನುವಾರ ಬೆಳಿಗ್ಗೆ ಚಿಲಕದ ಪಟ್ಟಿ ಉಜ್ಜಲು ಕೂತೆ. ಹೋಗುವಾಗ ಒತ್ತು, ಬರುವಾಗ ಬಿಡು. ಕೈ ಮರೆತಿರಲಿಲ್ಲ. ಸದ್ದೂ ಸರಿಯಾಗಿ ಬರುತ್ತಿತ್ತು ಅನ್ನಿಸಿತು, ಹಿಂದೆ ನಿಂತು ಕೇಳಿ ಹೇಳುವವರು ಮಾತ್ರ ಇರಲಿಲ್ಲ. ಆ ಸದ್ದಿನ ಸುಖಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಉಜ್ಜಿದೆನೇನೋ. ಹೆಂಡತಿ ಬಂದು ಚಿಲಕ ಹಾಕಿದಳು. ಸಲೀಸಾಗಿ ಹೋಯಿತು. ಬಾಗಿಲು ಅಲುಗಿಸಿದಳು. ಲೊಡಲೊಡ ಎಂದಿತು.

"ಅದನ್ನ ಕ್ಲಿಯರೆನ್ಸ್ ಫಿಟ್ ಅಂತಾರೆ" ಎಂದೆ.

"ಮೊದಲು ಹೋಗ್ತಾ ಇರಲಿಲ್ಲ, ಈಗ ನಿಲ್ತಾ ಇಲ್ಲ" ಎನ್ನುತ್ತ ಅವಳು ಕಾರ್ಪೆಂಟರಿನ ನಂಬರು ಹುಡುಕತೊಡಗಿದಳು.