ಕಾರಂಜಿಯ ಮೇಲಿನ ಬಿಳಿ ಹೋಟೆಲ್

ನಮ್ಮ ಮಳವಳ್ಳಿ ಕಡೆ ಜೂನ್ ಬಂತೆಂದರೆ ಎಲ್ಲರ ಫೋನಲ್ಲೂ ಒಂದೇ ಪ್ರಶ್ನೆ: ಕೆಆರ್‌ಎಸ್‌ನಲ್ಲಿ ಇವತ್ತು ಎಷ್ಟಡಿ? 124.80 ಮುಟ್ಟಿದರೆ ಕಟ್ಟೆ ಭರ್ತಿ. ನಾಲೆಗೆ ನೀರು ಬಿಡ್ತಾರಾ, ನಾಟಿ ಮಾಡಬಹುದಾ ಅನ್ನೋದೆಲ್ಲ ಆ ಅಂಕಿಯ ಮೇಲೇ. ಬೆಂಗಳೂರಿನ ನನ್ನ ಆಫೀಸ್ ಗೆಳೆಯರಿಗೆ ಮಾತ್ರ ಕೆಆರ್‌ಎಸ್ ಅಂದರೆ ಬಣ್ಣದ ಕಾರಂಜಿ, ಅಷ್ಟೆ.

ಆ ಕಾರಂಜಿಗಳನ್ನು ಮೇಲಿಂದ ನೋಡುತ್ತಾ ಅರಸರ ಕಾಲದ ಬಿಳಿ ಕಟ್ಟಡವೊಂದು ನಿಂತಿದೆ. ಕೃಷ್ಣರಾಜಸಾಗರ ಹೋಟೆಲ್ ಅಂತಲೇ ನಮ್ಮ ಹಿರಿಯರಿಗೆ ಗೊತ್ತು.

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಕಟ್ಟೆಯ ಬುಡದಲ್ಲಿ ಕಾಶ್ಮೀರದ ಶಾಲಿಮಾರ್ ಮಾದರಿಯ ತೋಟ ಬೇಕು ಅಂದವರು ದಿವಾನ್ ಮಿರ್ಜಾ ಇಸ್ಮಾಯಿಲ್. 1927ರಲ್ಲಿ ಶುರುವಾಗಿ 1932ಕ್ಕೆ ತೋಟ ಸಿದ್ಧವಾಯಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಆಗ ಇರ್ವಿನ್ ನಾಲೆ ಅನ್ನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿ ಮಂಡ್ಯದ ಕಡೆ ಹರಿಯಿತು. ಒಂದೇ ಕಟ್ಟೆಯಿಂದ ಅತಿಥಿಗಳಿಗೆ ಕಾರಂಜಿ, ನಮಗೆ ಭತ್ತ, ಕಬ್ಬು.

ಅಪ್ಪ ಹೈಸ್ಕೂಲ್ ಪ್ರವಾಸಕ್ಕೆ ಅಲ್ಲಿಗೆ ಹೋಗಿದ್ದರಂತೆ. ಹುಲ್ಲಿನ ಮೇಲೆ ಕೂತು ಬುತ್ತಿಯ ಚಿತ್ರಾನ್ನ ತಿಂದರಂತೆ. ಹೋಟೆಲ್ ಕಡೆ ಕೈ ತೋರಿಸಿ ಕೇಳಿದ್ದಕ್ಕೆ ಮೇಷ್ಟ್ರು, "ಅದು ದೊಡ್ಡೋರು ಇಳ್ಕೊಳೋ ಜಾಗ ಕಣ್ಲಾ" ಅಂದಿದ್ದರಂತೆ. ಈ ಕಥೆ ನಮ್ಮನೇಲಿ ನೂರು ಸಲ ಆಗಿದೆ.

ಹೋದ ಡಿಸೆಂಬರ್‌ನಲ್ಲಿ ಅಪ್ಪ, ಅವ್ವ ಇಬ್ಬರನ್ನೂ ಅಲ್ಲಿಗೇ ಕಾಫಿಗೆ ಕರಕೊಂಡು ಹೋದೆ. ಈಗ ಅದನ್ನು ನಡೆಸುವುದು ಖಾಸಗಿಯವರು. ಹಳೇ ರೂಪ ಉಳಿಸಿಕೊಂಡೇ ನವೀಕರಿಸಿದ್ದಾರೆ, ಅದು ನನಗೆ ಖುಷಿ. ಹಳೇ ಕೋಡ್‌ಗೆ ಕೈ ಹಾಕಿದವರಿಗೆ ಗೊತ್ತು: ಎಲ್ಲಾ ಕಿತ್ತು ಹೊಸದಾಗಿ ಬರೆಯೋಣ ಅನ್ನುವುದು ಸುಲಭ, ನಡೆಯುತ್ತಿರುವುದನ್ನು ಕೆಡಿಸದೆ ಸರಿಮಾಡುವುದು ಕಷ್ಟ.

ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಡಲು ಹೋದರು. "ಬೇಡ ಬಾಪ್ಪ" ಅಂದೆ. ಮೆನು ನೋಡಿದ ಅವ್ವ, "ಈ ದುಡ್ಗೆ ತಿಂಗ್ಳ ಕಾಫಿಪುಡಿ ಬರ್ತದೆ" ಅಂತ ಮೆಲ್ಲಗೆ ಗೊಣಗಿದರು. ಅಪ್ಪನ ಗಮನ ಕಾರಂಜಿ ಕಡೆ ಇರಲೇ ಇಲ್ಲ. ಕಾಫಿ ತಂದಿಟ್ಟ ಹುಡುಗನನ್ನು ಮಾತಿಗೆಳೆದರು. ಅವನೂ ಹತ್ತಿರದ ಹಳ್ಳಿಯವನೇ.

"ಬ್ಯಾಸ್ಗೆ ಬೆಳೆಗೆ ನೀರ್ ಬುಡ್ತಾರೇನಪ್ಪ?"

"ನಮ್ಮೂರಲ್ಲೂ ಅದನ್ನೇ ಕೇಳ್ತಾವ್ರೆ ಯಜಮಾನ್ರೇ."

ಇಬ್ಬರೂ ಹತ್ತು ನಿಮಿಷ ನಾಲೆ, ಒಡ್ಡು, ಕಬ್ಬಿನ ಬಾಕಿ ಅಂತ ಮಾತಾಡಿದರು. ಕಾಫಿ ಆರಿಹೋಯಿತು.

ಈಗ ಬೃಂದಾವನವನ್ನೇ ಸುಮಾರು 2,663 ಕೋಟಿ ರೂಪಾಯಿಯಲ್ಲಿ ಖಾಸಗಿ ಸಹಭಾಗಿತ್ವದಿಂದ ಮೇಲ್ದರ್ಜೆಗೇರಿಸುವ ಯೋಜನೆಗೆ 2024ರಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಕಟ್ಟೆಗೆ ಅಪಾಯ ಅಂತ ರೈತ ಸಂಘಟನೆಗಳು ವಿರೋಧಿಸುತ್ತಿವೆ. ಆ ಆತಂಕ ನನಗೂ ಇದೆ. ಜೊತೆಗೆ ಇನ್ನೊಂದು ಸಣ್ಣ ಲೆಕ್ಕ. ಹೋಟೆಲ್ ದುಬಾರಿಯಾದರೆ ಒಳಗೆ ಹೋಗದೆ ಇರಬಹುದು, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂರಬಹುದು. ತೋಟದ ಟಿಕೆಟ್ಟೇ ಆ ಮಟ್ಟಕ್ಕೆ ಏರಿದರೆ ಮಳವಳ್ಳಿಯ ಸರ್ಕಾರಿ ಶಾಲೆ ಮಕ್ಕಳ ಬಸ್ಸು ಎಲ್ಲಿ ನಿಲ್ಲಬೇಕು?

ಅಪ್ಪನಿಗೆ ಈ ಯೋಜನೆ ವಿಷಯ ಹೇಳಿದೆ. "ಅಷ್ಟು ದುಡ್ಡಲ್ಲಿ ನಾಲೆ ಕೊನೇ ಭಾಗಕ್ಕೆ ನೀರು ಬರ್ತದಾ ಕೇಳು" ಅಂದರು.